ಅಡಿಕೆ ಸುಲಿಯುವ ಕೈ ನಿಂತ ರಾತ್ರಿ

2020ರ ಡಿಸೆಂಬರ್. ಆಫೀಸಿನವರು ಮನೆಯಿಂದಲೇ ಕೆಲಸ ಮಾಡಿ ಅಂದಿದ್ದರಿಂದ ನಾನು ಶಿರಸಿ ಹತ್ತಿರದ ನಮ್ಮೂರಲ್ಲೇ ಇದ್ದೆ. ಅಡಿಕೆ ಕೊಯ್ಲು ಜೋರಾಗಿತ್ತು. ಮರ ಹತ್ತಿ ಗೊನೆ ಕೊಯ್ಯುವ ಕೊನೆಗೌಡ ಇಳಿಸಿಕೊಟ್ಟ ಅಡಿಕೆಯನ್ನು ರಾತ್ರಿ ಕೂತು ಸುಲಿಯಬೇಕು. ಹಸಿ ಅಡಿಕೆ ಯಾರಿಗೂ ಕಾಯುವುದಿಲ್ಲ. ಮರುದಿನ ಬೆಳಗ್ಗೆ ಅದು ಹಂಡೆಯಲ್ಲಿ ಚೊಗರಿನ, ಅಂದರೆ ಅಡಿಕೆ ಬೇಯಿಸಿ ಉಳಿದ ಕೆಂಪು ರಸದ ಜೊತೆ ಬೇಯಬೇಕು, ಆಮೇಲೆ ಬಿಸಿಲಿಗೆ ಬೀಳಬೇಕು. ಆಗಲೇ ಕೆಂಪಡಿಕೆಗೆ ಬಣ್ಣ.

ಜಗುಲಿಯಲ್ಲಿ ಅಡಿಕೆ ಸುಲಿಯುವ ಏಳು ಮೆಟ್ಟುಗತ್ತಿ. ಅಪ್ಪಯ್ಯ, ಆಯಿ, ಪಕ್ಕದ ಮನೆ ಚಿಕ್ಕಿ, ಕೆಲಸಕ್ಕೆ ಬರುವ ಮೂವರು ಅಕ್ಕಂದಿರು, ತುದಿಯಲ್ಲಿ ನಾನು. ಊರಲ್ಲಿ ನೆಟ್‌ವರ್ಕ್ ಬೇಕಂದ್ರೆ ಗುಡ್ಡ ಹತ್ತಬೇಕು. ಹಾಗಾಗಿ ಪೇಟೆಗೆ ಹೋದಾಗಲೇ ‘ವಿಕ್ಟರಿ’ ಮತ್ತು ‘ವಿಕ್ಟರಿ 2’ ಎರಡೂ ಸಿನಿಮಾಗಳನ್ನು ಲ್ಯಾಪ್‌ಟಾಪಿಗೆ ಇಳಿಸಿಕೊಂಡು ಬಂದಿದ್ದೆ.

ಮೊದಲನೆಯದನ್ನು 2013ರಲ್ಲೇ ಬೆಂಗಳೂರಿನಲ್ಲಿ ನೋಡಿದ್ದೆ. ಎಷ್ಟೋ ವರ್ಷ ಬೇರೆ ಹೀರೋಗಳ ಪಕ್ಕದಲ್ಲಿ ನಿಂತು ನಗಿಸಿದ ಶರಣ್, 2012ರ ‘ರ‍್ಯಾಂಬೋ’ದಲ್ಲಿ ತಾವೇ ನಾಯಕರಾಗಿದ್ದರು. ಮರುವರ್ಷವೇ ‘ವಿಕ್ಟರಿ’. ನಂದಕಿಶೋರ್ ನಿರ್ದೇಶನ, ಅರ್ಜುನ್ ಜನ್ಯ ಸಂಗೀತ. ‘ಖಾಲಿ ಕ್ವಾಟ್ರು’ ಹಾಡು ಕೇಳದ ಮದುವೆ ಮನೆ ಇರಲಿಲ್ಲ. ನನಗೆ ಆ ಸಿನಿಮಾ ಇಷ್ಟವೇ. ಎರಡನೆಯದು 2018ರ ನವೆಂಬರ್ 1ಕ್ಕೆ ಬಂತು, ನಿರ್ದೇಶನ ಹರಿ ಸಂತೋಷ್ ಅವರದು. ಬರೀ ಗಲಾಟೆ ಅಂತ ಗೆಳೆಯರು ಹೇಳಿದ್ದರು. ನಾನು ಹೋಗಿರಲಿಲ್ಲ. ಆ ರಾತ್ರಿ ಮೊದಲು ಹಾಕಿದ್ದು ಅದನ್ನೇ.

ಗೆಳೆಯರ ಮಾತು ಸುಳ್ಳಲ್ಲ. ಕಥೆ ಅಂತ ಕೇಳಿದರೆ ಹುಡುಕಬೇಕು. ಚಿಕ್ಕಿ ಶುರುವಿನಲ್ಲೇ ‘ಎಂತಾ ಮಳ್ಳು ಸಿನಿಮಾ ಹಾಕಿದ್ಯೋ ತಮಾ’ ಅಂದಳು. ಕತ್ತಿಗೆ ಅಡಿಕೆ ಒತ್ತುವ ಚರ್ ಚರ್ ಸದ್ದು ಒಂದೇ ಸಮ ಕೇಳುತ್ತಿತ್ತು. ಆಮೇಲೆ ಶರಣ್, ಸಾಧು ಕೋಕಿಲ, ರವಿಶಂಕರ್ ಹೆಣ್ಣು ವೇಷದಲ್ಲಿ ಬಂದರು.

ರವಿಶಂಕರ್ ಅಂದರೆ ನಮ್ಮನೆಯಲ್ಲಿ ಈಗಲೂ 2011ರ ‘ಕೆಂಪೇಗೌಡ’ದ ಖಳ ಆರುಮುಗಂ. ಆ ದನಿ ಕೇಳಿದರೇ ಹೆದರಿಕೆಯಾಗಬೇಕು, ಅಂಥ ಮನುಷ್ಯ ಹೆಣ್ಣಾಗಿ ಬಂದು ನಿಂತಿದ್ದಾರೆ! ಕೆಲಸದ ಅಕ್ಕ ಒಬ್ಬಳು ಅಡಿಕೆ ಹಿಡಿದ ಕೈಯನ್ನು ಹಾಗೇ ಎದೆಗೆ ಒತ್ತಿಕೊಂಡಳು. ಆಯಿ ಕತ್ತಿಯಿಂದ ಹಿಂದೆ ಸರಿದು ಕೂತಳು. ನಗುತ್ತಾ ಸುಲಿದರೆ ಬೆರಳು ಹೋಗುತ್ತದೆ, ಅದು ಎಲ್ಲರಿಗೂ ಗೊತ್ತು. ಚರ್ ಚರ್ ಸದ್ದು ಪೂರ್ತಿ ನಿಂತಿತು. ಮಳ್ಳು ಸಿನಿಮಾ ಅಂದಿದ್ದ ಚಿಕ್ಕಿಗೆ ಸೆರಗಿನಲ್ಲಿ ಕಣ್ಣು ಒರೆಸಿಕೊಂಡು ಸಾಕಾಯಿತು.

ನಾನು ನೋಡುತ್ತಿದ್ದದ್ದು ಅಪ್ಪಯ್ಯನನ್ನು. ಯಕ್ಷಗಾನದಲ್ಲಿ ಕೆರೆಮನೆ ಗಜಾನನ ಹೆಗಡೆಯವರ ಸ್ತ್ರೀವೇಷ ನೋಡಿ ಬೆಳೆದ ಮನುಷ್ಯ. ರಾತ್ರಿಯಿಡೀ ಆಟ ನೋಡಿ, ಬೆಳಗ್ಗೆ ತೋಟಕ್ಕೆ ಹೋಗುವವರು. ಗಂಡಸು ಹೆಣ್ಣಾಗಿ ಬಂದರೆ ಅವರ ಎದುರು ಸುಮ್ನೆ ಪಾಸಾಗುವುದಿಲ್ಲ. ಅವರು ಬಿದ್ದು ಬಿದ್ದು ನಗುತ್ತಿದ್ದರು. ಉಸಿರು ಸಿಕ್ಕಮೇಲೆ ಅಂದರು: ‘ಸ್ತ್ರೀವೇಷದಲ್ಲಿ ಗಂಡ್ಸು ಕಾಣ್ಲಾಗ. ಹಾಸ್ಯದಲ್ಲಿ ಕಾಣವು. ಇವಂಗೆ ಅದು ಗೊತ್ತಿದ್ದು.’

ಸ್ತ್ರೀವೇಷದಲ್ಲಿ ಗಂಡಸು ಕಾಣಬಾರದು, ಹಾಸ್ಯದಲ್ಲಿ ಕಾಣಬೇಕು ಅನ್ನುವ ಈ ಮಾತು ನನಗೆ ತುಂಬ ಹಿಡಿಸಿತು. ಚಂದ್ರಾವಳಿ ಪ್ರಸಂಗದಲ್ಲಿ ಹಾಸ್ಯಗಾರ ಅಜ್ಜಿಯಾಗಿ ಬರುತ್ತಾನಲ್ಲ, ಅವನನ್ನು ನಾವು ಅಜ್ಜಿ ಅಂತ ನಂಬುವುದಿಲ್ಲ. ನಂಬಬೇಕಾಗಿಯೂ ಇಲ್ಲ. ಸೀರೆಯೊಳಗಿನ ಆ ಗಂಡಸನ್ನು ನಾವು ಮೊದಲೇ ಬಲ್ಲೆವು, ಅದಕ್ಕೇ ಅವನು ಬಾಯಿ ಬಿಡುವ ಮೊದಲೇ ನಗು. ಎರಡನೇ ಭಾಗಕ್ಕೆ ಸಿಕ್ಕ ದೊಡ್ಡ ಅನುಕೂಲವೂ ಇದೇ ಅಂತ ನನಗೆ ಅನ್ನಿಸುತ್ತದೆ. ಶರಣ್ ಯಾರು, ಸಾಧು ಯಾರು, ಯಾರು ಯಾರನ್ನು ಹೇಗೆ ಕಾಲೆಳೆಯುತ್ತಾರೆ, ಎಲ್ಲಾ ನಮಗೆ ಗೊತ್ತಿದೆ. ಪರಿಚಯದ ಕೆಲಸ ಮೊದಲ ಸಿನಿಮಾ ಮುಗಿಸಿಕೊಟ್ಟಿದೆ. ಎರಡನೆಯದು ಬಂದದ್ದೇ ರಂಗಕ್ಕೆ ಹಾರಬಹುದು. ನಾಚಿಕೆಯಿಲ್ಲದೆ ಕುಣಿಯಬಹುದು. ಅದು ಹಾಗೇ ಕುಣಿದದ್ದು ನನಗೆ ಬಹಳ ಖುಷಿ ಕೊಟ್ಟಿತು.

ಆಯಿಗೆ ಮಾತ್ರ ಒಂದು ತಕರಾರು ಉಳಿಯಿತು. ‘ನೆರಿಗೆ ಹಿಡಿಯಲೆ ಬತ್ತಿಲ್ಲೆ ಇವಕ್ಕೆ’ ಅಂತ ಮಲಗುವವರೆಗೂ ಹೇಳುತ್ತಿದ್ದಳು.

ಆ ರಾತ್ರಿ ಎರಡು ಬುಟ್ಟಿ ಅಡಿಕೆ ಸುಲಿಯದೇ ಉಳಿಯಿತು. ಬೆಳಗ್ಗೆ ಹಂಡೆಗೆ ಬೆಂಕಿ ಹಾಕುವ ಮೊದಲು ನಾನೂ ಅಪ್ಪಯ್ಯನೂ ಚಳಿಯಲ್ಲಿ ಕೂತು ಮುಗಿಸಿದೆವು. ಅವರು ಒಂದು ಮಾತೂ ಬೈಯಲಿಲ್ಲ. ಮಧ್ಯೆ ಮಧ್ಯೆ ಒಬ್ಬರೇ ನಗುತ್ತಿದ್ದರು.

ಮರುದಿನ ರಾತ್ರಿ ಮೊದಲನೆಯದನ್ನು ಹಾಕಿದೆ. ಎಲ್ಲರೂ ಚೆನ್ನಾಗಿ ನೋಡಿದರು, ಕಥೆ ಹಿಡಿದು ಕೂತರು. ‘ಖಾಲಿ ಕ್ವಾಟ್ರು’ ಬಂದಾಗ ಅಕ್ಕಂದಿರು ಜೊತೆಗೆ ಹಾಡಿದರು. ಅಲ್ಲಲ್ಲಿ ನಗುವೂ ಬಂತು. ಕತ್ತಿಯ ಸದ್ದು ಮಾತ್ರ ನಿಲ್ಲಲಿಲ್ಲ. ಸಿನಿಮಾ ಮುಗಿದಾಗ ಅಪ್ಪಯ್ಯ ಎದ್ದು ಬುಟ್ಟಿಗಳ ಕಡೆ ನೋಡಿದರು. ಎಲ್ಲಾ ಖಾಲಿ.

‘ಸಿನಿಮಾ ಚಲೋ ಇದ್ದು ತಮಾ,’ ಅಂದರು. ‘ನಾಳೆ ನಿನ್ನೆದೇ ಹಾಕು.’