ಪಾಠ ವೀಕ್ಷಣಾ ಹಾಳೆ: ಸೆಕೆಂಡಿನ ಕಾಲಂ ಫಲ ಕೊಟ್ಟಿತು

ಕೊನೆಗೂ ಈ ಗಂಟು ಸಡಿಲವಾಯಿತು! ಮುಳಬಾಗಿಲು ಕಡೆಯ ನಮ್ಮ ಶಾಲೆಗೆ ಇಂಟರ್ನ್‌ಶಿಪ್‌ಗೆ ಬಂದಿರುವ ಬಿ.ಎಡ್. ಪ್ರಶಿಕ್ಷಣಾರ್ಥಿಗಳಿಗೆ ಹಿಮ್ಮಾಹಿತಿ ಕೊಡಲು ನಾನೇ ಸಿದ್ಧಪಡಿಸುತ್ತಿರುವ ಹಾಳೆಯಲ್ಲಿ ಪೀಠಿಕೆ, ಕಪ್ಪುಹಲಗೆ ಕೆಲಸ, ಮುಕ್ತಾಯದ ಭಾಗಗಳು ಮೊದಲಿನಂತೆಯೇ ಇವೆ. ನಿದ್ದೆಗೆಡಿಸಿದ್ದು ಒಂದೇ ಸಮಸ್ಯೆ: ಪ್ರಶ್ನೆ ಕೇಳಿದವರು ಉತ್ತರಕ್ಕೆ ಕಾಯುವುದಿಲ್ಲ.

‘ಮಕ್ಕಳಿಗೆ ಯೋಚಿಸಲು ಸಮಯ ಕೊಡಿ’ ಎಂಬ ಷರಾ ಯಾವ ವೀಕ್ಷಣಾ ಪುಸ್ತಕದಲ್ಲಿಲ್ಲ ಹೇಳಿ! ‘ಆಗಲಿ ಸರ್’ ಎಂದು ಸಹಿ ಹಾಕಿಸಿಕೊಂಡು ಹೋಗುತ್ತಾರೆ. ಮರುದಿನ ಅದೇ ಓಟ. ಇದು ಅಸಡ್ಡೆಯಲ್ಲ. ತರಗತಿಯ ಮುಂದೆ ನಿಂತವರಿಗೆ ಆ ಮೌನ ಬಹಳ ದೀರ್ಘವೆನಿಸುತ್ತದೆ. 1970ರ ದಶಕದಲ್ಲಿ ಶಿಕ್ಷಣ ಸಂಶೋಧಕಿ ಮೇರಿ ಬಡ್ ರೋ ಅಮೆರಿಕದ ತರಗತಿಗಳ ಧ್ವನಿಮುದ್ರಣಗಳನ್ನು ಅಳೆದಾಗ, ಶಿಕ್ಷಕರು ಸುಮಾರು ಒಂದು ಸೆಕೆಂಡು ಮಾತ್ರ ಕಾಯುತ್ತಿದ್ದುದು ಕಂಡಿತು. ಅದನ್ನು 3 ಸೆಕೆಂಡು ದಾಟಿಸಿದರೆ ಮಕ್ಕಳ ಉತ್ತರ ಉದ್ದವಾಗುತ್ತದೆ, ಸುಮ್ಮನಿರುವವರೂ ಬಾಯಿ ಬಿಡುತ್ತಾರೆ.

ಹೊಸ ಹಾಳೆಯಲ್ಲಿ ‘ಚೆನ್ನಾಗಿದೆ’, ‘ಸಾಲದು’ ಎಂಬ ಪದಗಳಿಗೆ ಜಾಗವೇ ಇಲ್ಲ. ಕೇಳಿದ ಪ್ರಶ್ನೆ, ಕಾಯ್ದ ಸೆಕೆಂಡು, ಉತ್ತರಿಸಿದವರು ಕುಳಿತ ಜಾಗ, ಇಷ್ಟೇ. 6ನೇ ತರಗತಿಯ ಗಣಿತ ಪಾಠದ ಒಂದು ಸಾಲು ಹೀಗಿತ್ತು: ‘1/3 ದೊಡ್ಡದೋ, 1/4 ದೊಡ್ಡದೋ?’ 1 ಸೆಕೆಂಡು. ‘1/3 ಅಲ್ಲವೇ?’ ಎಲ್ಲರೂ ಒಟ್ಟಾಗಿ, ‘ಹೌದು ಮೇಡಂ.’

ಹಾಳೆಯನ್ನು ಪ್ರಶಿಕ್ಷಣಾರ್ಥಿಯ ಕೈಗೆ ಕೊಟ್ಟು, ‘ಇದರಲ್ಲಿ ನಿಮಗೆ ಏನು ಕಾಣುತ್ತದೆ?’ ಎಂದಷ್ಟೇ ಕೇಳಿದೆ. ಆಕೆ ಬೆರಳಿಟ್ಟು ಓದುತ್ತಾ ಹೋಗಿ, ‘ಸರ್, ಉತ್ತರಗಳೆಲ್ಲ ನನ್ನವೇ’ ಎಂದರು. ನಾನು ಒಂದು ಪುಟ ಬರೆದಿದ್ದರೂ ಇಷ್ಟು ನೇರವಾಗಿ ನಾಟುತ್ತಿರಲಿಲ್ಲ. ಆಮೇಲೆ ಬೇರಾವ ದೋಷವನ್ನೂ ಎತ್ತದೆ, ವರಾಂಡದಲ್ಲೇ ಆ ಒಂದು ಪ್ರಶ್ನೆಯನ್ನು ಅಭ್ಯಾಸ ಮಾಡಿದೆವು: ಮೊದಲು ಪ್ರಶ್ನೆ, ಮನಸ್ಸಿನಲ್ಲೇ ಎಣಿಕೆ, ಕೊನೆಯಲ್ಲಿ ಮಗುವಿನ ಹೆಸರು. ಹೆಸರು ಮೊದಲೇ ಕರೆದರೆ ಉಳಿದವರೆಲ್ಲ ನಿರಾಳವಾಗಿಬಿಡುತ್ತಾರೆ.

ಮರುದಿನ ಬಿ ವಿಭಾಗದಲ್ಲಿ ಅದೇ ಪಾಠ. ಪ್ರಶ್ನೆಯ ನಂತರ ಮೌನ. ಕೊನೆಯ ಬೆಂಚಿನಿಂದ ಒಬ್ಬ ಹುಡುಗ ಮನೆಮಾತಿನಲ್ಲೇ ಹೇಳಿದ: ‘ಮೂಡು ಭಾಗಾಲೈತೇ ಒಕ್ಕೊಕ್ಕಟಿ ಪೆದ್ದದಿ ಕದಾ?’ ಮೂರೇ ಭಾಗವಾದರೆ ಒಂದೊಂದೂ ದೊಡ್ಡದಲ್ಲವೇ ಎಂಬ ಅವನ ತರ್ಕಕ್ಕಿಂತ ಸೊಗಸಾದ ವಿವರಣೆ ಪಾಠಯೋಜನೆಯಲ್ಲೂ ಇರಲಿಲ್ಲ. ಮೂರು ಸೆಕೆಂಡು ಅವನಿಗೆ ಕನ್ನಡದ ಪ್ರಶ್ನೆಯನ್ನು ತೆಲುಗಿನಲ್ಲಿ ಯೋಚಿಸಲೂ ಬೇಕಿತ್ತು. ನಮ್ಮ ಗಡಿ ತಾಲ್ಲೂಕಿನಲ್ಲಿ ಈ ಕಾಲಂ ಇರಲೇಬೇಕು.

ಅಣುಬೋಧನೆಯ (ಪುಟ್ಟ ಗುಂಪಿನೆದುರು ಒಂದೇ ಕೌಶಲವನ್ನು ಕಿರುಪಾಠದಲ್ಲಿ ಅಭ್ಯಾಸ ಮಾಡುವುದು) 36 ನಿಮಿಷದ ಚಕ್ರದಲ್ಲಿ ಬೋಧನೆ 6, ಹಿಮ್ಮಾಹಿತಿ 6, ಮರುಯೋಜನೆ 12, ಮರುಬೋಧನೆ 6, ಮರುಹಿಮ್ಮಾಹಿತಿ 6 ಎಂದು ಎಲ್ಲರೂ ಪರೀಕ್ಷೆಗೆ ಬಾಯಿಪಾಠ ಮಾಡಿದವರೇ. ನಿಜವಾದ ಶಾಲೆಗೆ ಬಂದೊಡನೆ ಮರುಬೋಧನೆಯನ್ನೇ ಕೈಬಿಡುತ್ತೇವೆ! ತಿದ್ದಿಕೊಂಡದ್ದನ್ನು ಮಾಡಿನೋಡಲು ಅವಕಾಶವಿಲ್ಲದಿದ್ದರೆ ತಿದ್ದುವುದಾದರೂ ಏಕೆ?

ಇನ್ನು ಸಾಮಗ್ರಿಯ ಗೋಳು. ಎರಡು ಪ್ರತಿಗೆ ಕಾರ್ಬನ್ ಹಾಳೆ ಕೇಳಿದರೆ ಸ್ಟೇಷನರಿ ಅಂಗಡಿಯವರು ಶಾಯಿ ಒಣಗಿದ ಹಳೆಯ ಕಟ್ಟನ್ನು ಕೊಟ್ಟರು. ಜೆರಾಕ್ಸ್ ಅಂಗಡಿಯಲ್ಲಿ ಬಲ ಅಂಚು ಕತ್ತರಿಸಿ ಹೋಗಿ ಸೆಕೆಂಡಿನ ಕಾಲಮ್ಮೇ ಮಾಯ!

ಮುಂದಿನ ಯೋಜನೆ ಫ್ಲಾಂಡರ್ಸ್ ವಿಶ್ಲೇಷಣೆ: ತರಗತಿಯ ಮಾತುಕತೆಯನ್ನು ಹತ್ತು ವರ್ಗಗಳಾಗಿ ವಿಂಗಡಿಸಿ, ಆಯಾ ವರ್ಗದ ಅಂಕಿ ಬರೆಯುತ್ತಾ ಹೋಗುವ ವಿಧಾನ. ಪ್ರತಿ 3 ಸೆಕೆಂಡಿಗೆ ಒಂದು ಅಂಕಿ ಎಂದರೆ 40 ನಿಮಿಷದ ಅವಧಿಗೆ 800 ಅಂಕಿಗಳು. ಮೊಬೈಲ್‌ನಲ್ಲಿ ಪಾಠದ ಧ್ವನಿ ಮುದ್ರಿಸಿ, ಪ್ರಶಿಕ್ಷಣಾರ್ಥಿಗಳೊಂದಿಗೆ ಕುಳಿತೇ ಬರೆಯಬೇಕು. ಆದರೆ ಅದರ 10ನೇ ವರ್ಗದಲ್ಲಿ ಮೌನವೂ ಗದ್ದಲವೂ ಒಟ್ಟಿಗೇ ಇವೆ. ಯೋಚಿಸುವ ಮಗುವಿನ ಮೌನವನ್ನು ಗಲಾಟೆಯ ಲೆಕ್ಕಕ್ಕೆ ಸೇರಿಸಲು ನನಗೆ ಮನಸ್ಸಿಲ್ಲ. 10ಅ, 10ಆ ಎಂದು ಒಡೆದು, ಮೊದಲು ಹತ್ತು ನಿಮಿಷದ ಧ್ವನಿಮುದ್ರಣಕ್ಕೆ ಹಚ್ಚಿ ನೋಡುತ್ತೇನೆ.