ನೆರಳಿಲ್ಲದ ಕಾಡು

"ಎಲ್ಲಿ ಮಾರಾಯ್ತಿ ನಿನ್ನ ಕಾಡು?" ಕಾರಿನಿಂದ ಇಳಿದ ಕೂಡಲೇ ಇವರು ಕೇಳಿದರು. ಕಣ್ಣು ಹಾಯುವಷ್ಟು ದೂರ ಬೋಳು ಗುಡ್ಡ, ಮುಳ್ಳಿನ ಪೊದೆ, ಸುಡು ಬಿಸಿಲು. ಮಲೆನಾಡಿನ ನಮಗೆ ಕಾಡು ಅಂದ್ರೆ ನೆರಳು ಅಲ್ವಾ? ಗ್ರೀಸ್‌ನ ಲೆಸ್ವೋಸ್ ದ್ವೀಪದ ಈ ಕಲ್ಲಿನ ಕಾಡಿನಲ್ಲಿ ತಲೆ ಮರೆಸಲೂ ಜಾಗವಿರಲಿಲ್ಲ.

ಕಾಲುದಾರಿ ಹಿಡಿದು ಸ್ವಲ್ಪ ಇಳಿದೆವು. ಮೊದಲ ಬೊಡ್ಡೆ ಕಂಡಿತು.

ನಮ್ಮಪ್ಪ ಸಾಮಿಲ್‌ನಲ್ಲಿ ಕೆಲಸ ಮಾಡಿದವರು. ತೇಗದ ದಿಮ್ಮಿಯ ತುದಿಯಲ್ಲಿ ಉಂಗುರ ಎಣಿಸೋದು ನನ್ನ ಚಿಕ್ಕಂದಿನ ಆಟ. ಇಲ್ಲೂ ಹಗ್ಗದ ಈಚೆ ಕೂತು ಎಣಿಸತೊಡಗಿದೆ. ಕೆಂಪು, ಹಳದಿ, ಬೂದು ಬಣ್ಣದ ಕಲ್ಲು. ಅದರೊಳಗೆ ಕೂದಲೆಳೆಯಂಥ ಉಂಗುರಗಳು, ಒಂದು ಕಡೆ ಗಂಟು, ಅಂಚಿನಲ್ಲಿ ತೊಗಟೆಯ ಬಿರುಕು. ನಲವತ್ತಕ್ಕೆ ಕಣ್ಣು ತಪ್ಪಿತು. ಮತ್ತೆ ಮೊದಲಿಂದ ಶುರು ಮಾಡಿದೆ.

ಹತ್ತಿರ ಹತ್ತಿರ 2 ಕೋಟಿ ವರ್ಷಗಳ ಹಿಂದೆ ಇಲ್ಲಿ ಜ್ವಾಲಾಮುಖಿಗಳು ಸಿಡಿದವು. ಬೂದಿ ಮತ್ತು ಕೆಸರು ಕಾಡನ್ನು ಮುಚ್ಚಿಬಿಟ್ಟವು. ಸಿಲಿಕಾ ಎಂಬ ಖನಿಜ ಕರಗಿದ ಬಿಸಿನೀರು ಮರದೊಳಗೆ ಇಳಿದು, ಒಂದೊಂದು ಕಣದ ಜಾಗವನ್ನೂ ಕಲ್ಲು ತುಂಬಿಕೊಂಡಿತು. ಅದಕ್ಕೇ ಉಂಗುರ ಉಳಿದಿದೆ. ನಿಂತಿರುವ ಬೊಡ್ಡೆಗಳಲ್ಲಿ ದೊಡ್ಡದು 7 ಮೀಟರ್ ಎತ್ತರ, ಸುತ್ತಳತೆ ಎಂಟೂವರೆ ಮೀಟರ್, ಅಮೆರಿಕದ ದೈತ್ಯ ಮರ ಸೆಕ್ವೊಯಾದ ನಂಟಿನದು. ಆದರೆ ನನ್ನನ್ನು ಹಿಡಿದು ನಿಲ್ಲಿಸಿದ್ದು ಎತ್ತರವಲ್ಲ, ಬೇರು. ಎಷ್ಟೋ ಮರಗಳು ಹುಟ್ಟಿದ ಜಾಗದಲ್ಲೇ, ಅದೇ ಮಣ್ಣಲ್ಲಿ ಬೇರು ಹರಡಿಕೊಂಡು ನಿಂತಿವೆ. (ಗಿಡಮರಗಳ ಶಾಸ್ತ್ರಕ್ಕೆ ಅಡಿಪಾಯ ಹಾಕಿದ ಥಿಯೋಫ್ರಾಸ್ಟಸ್ ಹುಟ್ಟಿದ್ದೂ ಇದೇ ದ್ವೀಪದ ಎರೆಸೋಸ್‌ನಲ್ಲಿ. ಅದನ್ನು ನೆನೆದು ಸುಮ್ನೆ ಖುಷಿಯಾಯಿತು.)

1985ರಲ್ಲಿ ಸರ್ಕಾರ ಈ ಕಾಡನ್ನು ಸಂರಕ್ಷಿತ ನೈಸರ್ಗಿಕ ಸ್ಮಾರಕ ಎಂದು ಘೋಷಿಸಿತು. ಒಂದು ಚೂರನ್ನೂ ಎತ್ತಿಕೊಂಡು ಹೋಗುವಂತಿಲ್ಲ. ಸಿಗ್ರಿ ಊರಿನ ಮ್ಯೂಸಿಯಂನಲ್ಲಿ ಇನ್ನೊಂದು ವಿಷಯ ತಿಳಿಯಿತು. ಕಲ್ಲೋನಿಯಿಂದ ಸಿಗ್ರಿಗೆ ಹೊಸ ರಸ್ತೆ ಮಾಡುವಾಗ ಮಣ್ಣೊಳಗೆ ಮರಗಳು ಸಿಗುತ್ತಾ ಹೋದವಂತೆ. 2021ರಲ್ಲಂತೂ ಕೊಂಬೆ, ಬೇರು ಸಮೇತ ಸುಮಾರು 20 ಮೀಟರ್ ಉದ್ದದ ಇಡೀ ಮರವೇ ಸಿಕ್ಕಿತು. ಅದನ್ನು ಜೋಪಾನವಾಗಿ ಬಿಡಿಸಿ ಎತ್ತಿದರು.

ನಮ್ಮೂರ ರಸ್ತೆ ಅಗಲ ಮಾಡಿದಾಗ ಸಾಲು ಮಾವಿನ ಮರಗಳು ಒಂದೇ ವಾರದಲ್ಲಿ ಖಾಲಿಯಾದವು. ಅವುಗಳಲ್ಲಿ ಕೆಲವು ಅಪ್ಪನ ಸಾಮಿಲ್‌ಗೇ ಬಂದವು. ಅವತ್ತು ಅಪ್ಪ ಊಟಕ್ಕೆ ಕೂತವರು ಹಾಗೇ ಎದ್ದು ಹೋಗಿದ್ದರು. ಸತ್ತು ಕಲ್ಲಾದ ಮರಕ್ಕೆ ಇಷ್ಟು ಮರ್ಯಾದೆ ಸಿಗುತ್ತದೆ. ಹಸಿರು ಮರಕ್ಕೆ ಯಾಕಿಲ್ಲ? ಆ ನೋವು ಇವತ್ತಿಗೂ ಇದೆ.

ರಾತ್ರಿ ಅಪ್ಪನಿಗೆ ಬೊಡ್ಡೆಯ ಫೋಟೋ ಕಳಿಸಿ ಫೋನ್ ಮಾಡಿದೆ.

"ಉಂಗುರ ಒತ್ತೊತ್ತಾಗಿದೆ ಕಣೇ. ನಿಧಾನಕ್ಕೆ ಬೆಳೆದ ಮರ," ಅಂದರು. ಸ್ವಲ್ಪ ಹೊತ್ತು ಮಾತಿಲ್ಲ.

"ಬೇರು ಇದೆಯಾ?"

"ಇದೆ ಅಪ್ಪ. ನಿಂತ ಜಾಗದಲ್ಲೇ ಇದೆ."

"ಹಾಗಾದ್ರೆ ಅದರ ಫೋಟೋನೂ ಕಳಿಸು."