ಉದುರಿದ ಹಲ್ಲು ಎಲ್ಲಿ ಹೋಯ್ತು?

ಸೆಕೆಂಡ್ ಶಿಫ್ಟ್ ಮುಗಿಯಲು ಇನ್ನು ಐವತ್ತು ನಿಮಿಷ. ಬ್ಯಾಂಡ್ ಸಾ (ಪಟ್ಟಿಯಂಥ ಬ್ಲೇಡ್ ಸುತ್ತುತ್ತಾ ಕೊಯ್ಯುವ ಗರಗಸದ ಮೆಷಿನ್) ವೈಸಿನಲ್ಲಿ 220 ಎಂ.ಎಂ. ವ್ಯಾಸದ 304 ಸ್ಟೇನ್‌ಲೆಸ್ ರೌಂಡ್ ಬಾರ್. ಕಟ್ ಅರ್ಧ ದಾಟಿತ್ತು. ಆಗ ಶುರುವಾಯ್ತು: ಟಕ್... ಟಕ್... ಬ್ಲೇಡ್ ಒಂದು ಸುತ್ತು ಬಂದಾಗಲೊಮ್ಮೆ. ಬ್ಯಾಂಡ್ ಸಾ ಓಡಿಸಿದವರಿಗೆ ಈ ಸದ್ದು ಕೇಳಿದರೆ ಹೊಟ್ಟೆಯಲ್ಲಿ ಏನೋ ಆಗುತ್ತೆ. ನಿಲ್ಲಿಸಿ ನೋಡಿದರೆ ಸಾಲಾಗಿ ಹನ್ನೊಂದು ಹಲ್ಲು ಮಾಯ.

ಹಳೇ ಬ್ಲೇಡು, ಆಯಸ್ಸು ಮುಗೀತು ಅಂದುಕೊಂಡೆ. ಸ್ಟೋರ್ಸ್‌ನಿಂದ ಹೊಸದು ತರಿಸಿದೆ, 34 ಎಂ.ಎಂ. ಅಗಲ, 1.1 ಎಂ.ಎಂ. ದಪ್ಪದ ಬೈಮೆಟಲ್ (ಮೈ ಬಳುಕುವ ಸ್ಟೀಲ್, ಹಲ್ಲಿನ ತುದಿ ಹೈಸ್ಪೀಡ್ ಸ್ಟೀಲ್), ಇಂಚಿಗೆ ಎರಡು-ಮೂರು ಹಲ್ಲು. ಟೆನ್ಷನ್ ಕೊಟ್ಟೆ, ಗೈಡ್ ನೋಡಿದೆ. ಇನ್ನು ಉಳಿದದ್ದು ಬಾರ್ ತಿರುಗಿಸುವ ಕೆಲಸ. ಮೂರು ಮೀಟರ್ ಬಾರ್, ಹತ್ತಿರ ಹತ್ತಿರ 900 ಕಿಲೋ. ಕ್ರೇನ್ ಪಕ್ಕದ ಬೇಯಲ್ಲಿ. ಡಿಸ್ಪ್ಯಾಚ್‌ನವರು ಆಗಲೇ ಎರಡು ಸಲ ಫೋನ್ ಮಾಡಿದ್ದರು.

ಹಳೇ ಕಟ್‌ಗೇ ಬ್ಲೇಡ್ ಇಳಿಸಿದೆ.

ಹಾಗೆ ಮಾಡಬಾರದು ಅಂತ ನನಗೆ ಗೊತ್ತಿತ್ತು, ಹೊಸಬರಿಗೆ ನಾನೇ ಹೇಳಿಕೊಡುವ ಪಾಠ ಅದು. ಹಳೇ ಬ್ಲೇಡಿನ ಹಲ್ಲು ಪಕ್ಕಕ್ಕೆ ಸವೆದಿರುತ್ತೆ, ಅದು ಕೊರೆದ ಸೀಳು ಕಿರಿದು. ಹೊಸ ಹಲ್ಲಿನ ಸೆಟ್ (ಹಲ್ಲು ಎಡಬಲಕ್ಕೆ ಬಾಗಿರೋದು) ಅಗಲ, ಅದರೊಳಗೆ ಕೂರೋದಿಲ್ಲ. ಆದರೂ 'ಮೆಲ್ಲಗೆ ಇಳಿಸಿದರೆ ಆಯ್ತು' ಅಂತ ಫೀಡ್ (ಬ್ಲೇಡ್ ಬಾರ್‌ನೊಳಗೆ ಇಳಿಯುವ ವೇಗ) ತೀರಾ ಕಮ್ಮಿ ಮಾಡಿದೆ. ಅದು ಎರಡನೇ ತಪ್ಪು. 304 ಅನ್ನು ಹೆದರಿಕೊಂಡು ಕೊಯ್ದರೆ ಹಲ್ಲು ಕಚ್ಚದೆ ಬರೀ ಉಜ್ಜುತ್ತೆ, ಉಜ್ಜಿದಷ್ಟೂ ಮೆಟಲ್ ಗಟ್ಟಿಯಾಗುತ್ತೆ. ಕಣ್ಣು ಆಂಪಿಯರ್ ಮೀಟರ್ ಮೇಲೆ, ಕೈ ಸ್ಟಾಪ್ ಬಟನ್ ಮೇಲೆ. ಒಂದು ನಿಮಿಷ ಏನೂ ಆಗಲಿಲ್ಲ. 'ನೋಡಿದ್ರಾ' ಅಂತ ಪಕ್ಕದವನಿಗೆ ಹೇಳಿದ್ದೂ ಆಯ್ತು. ಆಮೇಲೆ ಕರ್ರ್ ಅಂತ ಒಂದು ಸದ್ದು, ಹಿಂದೆಯೇ ಟಕ್ ಟಕ್.

ಪೆಟ್ಟಿಗೆಯಿಂದ ತೆಗೆದು ಹತ್ತು ನಿಮಿಷ ಆಗಿರದ ಬ್ಲೇಡು. ಸಿಟ್ಟು ಬ್ಲೇಡ್ ಮೇಲೆ ಬಂತು. ಅಲ್ಲೇ ಕೂತು ರಿಜೆಕ್ಷನ್ ನೋಟ್ ಬರೆದು, 'ಬ್ಯಾಚ್ ದೋಷ' ಅಂತ ಪರ್ಚೇಸ್‌ಗೆ ಮೇಲ್ ಹಾಕಿ, ಮೂರನೇ ಬ್ಲೇಡ್ ತರಲು ಹೇಳಿದೆ.

ನಮ್ಮ ಸೆಕ್ಷನ್‌ನ ಹಿರಿಯ ಹೆಲ್ಪರ್, ಎಲ್ಲರೂ ಯಜಮಾನ್ರೇ ಅಂತಲೇ ಕರೆಯೋದು, ಅಲ್ಲೀವರೆಗೂ ಸುಮ್ಮನೆ ನಿಂತಿದ್ದರು. 'ಸಾರ್, ಮೊದಲನೇ ಬ್ಲೇಡಿಂದು ಉದುರಿದ ಹಲ್ಲು ಎಲ್ಲಿ ಹೋಯ್ತು?'

ಟಾರ್ಚ್ ಬಿಟ್ಟು ನೋಡಿದೆ. ಕಟ್‌ನ ತಳದಲ್ಲಿ ಹೈಸ್ಪೀಡ್ ಸ್ಟೀಲ್ ಚೂರುಗಳು ಸಿಕ್ಕಿಕೊಂಡು ಮಿನುಗುತ್ತಿದ್ದವು. ಹೊಸ ಬ್ಲೇಡ್ ಕೊಯ್ಯಲು ಹೋದದ್ದು ಅವನ್ನು.

ಕ್ರೇನ್ ಬರಲಿ ಅಂತ ಇಪ್ಪತ್ತು ನಿಮಿಷ ಕಾದೆವು. ಬಾರ್ ಅರ್ಧ ಸುತ್ತು ತಿರುಗಿಸಿ ಎದುರುಗಡೆಯಿಂದ ಹೊಸ ಕಟ್ ಶುರು ಮಾಡಿದೆವು. ಸ್ಪೀಡ್ ಎಂದಿನಂತೆ, ಫೀಡ್ ಅರ್ಧ, ಆದರೆ ಚಿಪ್ಸ್ (ಕೊಯ್ದ ಲೋಹದ ಸಿಪ್ಪೆ) ಸುರುಳಿಯಾಗಿ ಬರುವಷ್ಟು. ಬ್ಲೇಡ್ ಪಳಗಿದ ಮೇಲೆ ಫೀಡ್ ಏರಿಸಿ, ಹಳೇ ಕಟ್ ಹತ್ತಿರ ಬಂದಾಗ ಮತ್ತೆ ಇಳಿಸಿದೆವು. ಪೀಸ್ ಬಿತ್ತು. ಥರ್ಡ್ ಶಿಫ್ಟ್‌ನವರು ಮೆಷಿನ್ ಪಕ್ಕ ಕೈ ಕಟ್ಟಿ ಕಾಯುತ್ತಿದ್ದರು.

ಮೊದಲನೇ ಬ್ಲೇಡ್ ಯಾಕೆ ಹೋಯ್ತು ಅನ್ನೋದು ಕ್ಲೀನಿಂಗ್ ಮಾಡುವಾಗ ಗೊತ್ತಾಯ್ತು. ಬ್ಲೇಡಿಗೆ ಅಂಟಿದ ಚಿಪ್ಸ್ ಉಜ್ಜಿ ತೆಗೆಯುವ ವೈರ್ ಬ್ರಷ್‌ನ ತಂತಿ ಸವೆದು ಹಲ್ಲಿನ ಸಂದಿಗೆ ತಾಗುತ್ತಲೇ ಇರಲಿಲ್ಲ. ಸಂದಿಯಲ್ಲೇ ಉಳಿದ ಚಿಪ್ಸ್ ಮತ್ತೆ ಕಟ್ ಒಳಗೆ ಹೋಗಿ ಹಲ್ಲು ಕಿತ್ತಿದೆ. ಬ್ಲೇಡಿಗೆ ಒಂದು ಸಹಿ ಸಾಕು, ಜುಜುಬಿ ಬ್ರಷ್ ತರಿಸುವ ಇಂಡೆಂಟ್‌ಗೆ ಮೂರು ಸಹಿ ಬೇಕು ನಮ್ಮಲ್ಲಿ. ಮ್ಯಾನೇಜ್‌ಮೆಂಟನ್ನು ಬೈಯಲು ಒಳ್ಳೇ ಅವಕಾಶ ಅಂತ ಚೆಕ್‌ಲಿಸ್ಟ್ ತೆಗೆದೆ. ಶಿಫ್ಟ್ ಶುರುವಿನಲ್ಲಿ 'ಬ್ರಷ್ ಓಕೆ' ಅಂತ ಟಿಕ್ ಹಾಕಿದ್ದು ನಾನೇ.

ಮೇಲ್ ವಾಪಸ್ ತಗೊಳ್ಳುವಷ್ಟರಲ್ಲಿ ಬ್ಲೇಡ್ ಕಂಪನಿಯ ಎಂಜಿನಿಯರ್ ಬಂದೇಬಿಟ್ಟಿದ್ದರು. ಎರಡನೇ ಬ್ಲೇಡನ್ನು ಲೆನ್ಸ್ ಹಿಡಿದು ನೋಡಿದರು. ಉಳಿದ ಹಲ್ಲಿನ ತುದಿ ಇನ್ನೂ ಚೂಪು, ಪಕ್ಕದಲ್ಲಿ ಮಾತ್ರ ಗೀರು. 'ಹಳೇ ಕಟ್‌ಗೆ ಇಳಿಸಿದ್ರಾ ಸಾರ್?' ಅಂತ ಮೆಲ್ಲಗೆ ಕೇಳಿದರು. ನಾನು ಕೂಲಂಟ್ ಬಗ್ಗೆ ಏನೋ ಹೇಳಲು ಶುರು ಮಾಡಿದೆ. ಯಜಮಾನ್ರು ಕಸ ಗುಡಿಸುತ್ತಾ ಆ ಕಡೆ ತಿರುಗಿಕೊಂಡರು.